ಮಗಳ ಹೆಸರಿಗೆ ಅಪ್ಪನ ಸಹಿ

ನಮ್ಮ ಯಜಮಾನರು ಸತ್ಯನಾರಾಯಣ ಸಿಡ್ನಿಗೆ ಬಂದು ಏಳು ವರ್ಷವಾದರೂ ಹಾಲಿನ ಡಬ್ಬದ ಮೇಲಿನ ತಾರೀಖನ್ನು ನಂಬಲಿಲ್ಲ. ಮೂಸಿ ನೋಡಿಯೇ ಕಾಫಿಗೆ ಹಾಕಿಸುತ್ತಿದ್ದರು. ರೈಲ್ವೆಯಲ್ಲಿ ಸಿಗ್ನಲ್ ಇಂಜಿನಿಯರು, ಹಸಿರು ದೀಪ ಕಂಡರೂ ಎರಡು ಸಲ ನೋಡುವ ಜಾತಿ. ನಮ್ಮ ಬಡಾವಣೆ ಟೂಂಗಾಬಿಯ ಕನ್ನಡದ ಹುಡುಗರೆಲ್ಲ ಬೆನ್ನ ಹಿಂದೆ ‘ಅನುಮಾನದ ಅಂಕಲ್’ ಎನ್ನುತ್ತಿದ್ದರು. ಎದುರಿಗೇ ಅನ್ನುತ್ತಿದ್ದವಳು ನಾನೊಬ್ಬಳೇ.

೧೯೯೪ರ ಯುಗಾದಿ ಊಟಕ್ಕೆ ನಮ್ಮ ಕನ್ನಡ ಸಂಘದ ಹಾಲಿಗೆ ಹೆಲೆನ್ ಎಂಬ ನರ್ಸ್ ಬಂದರು. ರಾಜ್ಯದ ಚುನಾವಣೆಗೆ ನಿಲ್ಲಬೇಕೆಂದು ಆಕೆಯ ಆಸೆ. ಆದರೆ ಯಾರು ನಿಲ್ಲಬೇಕೆಂದು ಮೊದಲು ಪಕ್ಷದ ಸ್ಥಳೀಯ ಸದಸ್ಯರೇ ಓಟು ಹಾಕಿ ಆರಿಸಬೇಕು. ಅದಕ್ಕೇ ಹೊಸ ಸದಸ್ಯರು, ಅದರಲ್ಲೂ ಹರೆಯದವರು ಬೇಕಾಗಿದ್ದರು. ಪಿಎಚ್‌ಡಿ ಮಾಡುತ್ತಿದ್ದ ಯೋಗೀಶ ಆಕೆಯ ಪರವಾಗಿ ಸದಸ್ಯತ್ವದ ಫಾರಂ ಹಿಡಿದು ಓಡಾಡುತ್ತಿದ್ದ.

“ಒಬ್ಬಟ್ಟು ಎರಡನೇ ಸಲ ಹಾಕಿಸ್ಕೊಂಡ್ಳು, ನೋಡಿದ್ಯಾ? ಯಾಕಿರಬಹುದು?” ಎಂದರು ನಮ್ಮವರು.

“ಚೆನ್ನಾಗಿತ್ತು, ಅದಕ್ಕೆ. ಮಾಡಿದ್ದು ನಾನು!” ಎಂದೆ.

ನಮ್ಮ ನಿಕಿತಾಗೆ ಆಗ ಹತ್ತೊಂಬತ್ತು. ಯೂನಿವರ್ಸಿಟಿಯಿಂದ ಬರುವಾಗ ಸ್ಟೇಷನ್ನಿನ ದಾರಿಯಲ್ಲಿ ದೀಪವಿಲ್ಲ, ಹುಡುಗಿಯರಿಗೆ ಭಯ ಎಂದು ಹೆಲೆನ್‌ಗೆ ಹೇಳಿದಳು. ಆಕೆ ಬರೆದುಕೊಂಡರು. ವಾರದ ನಂತರ ತಾವೇ ಆ ದಾರಿಯಲ್ಲಿ ನಡೆದು ನೋಡಿ ಫೋನ್ ಮಾಡಿದರು. ಅಲ್ಲಿಗೆ ಮುಗಿಯಿತು, ನನ್ನ ಮೊದಲ ಓಟು ಹೆಲೆನ್‌ಗೇ ಎಂದು ಮಗಳು ಕುಣಿದಾಡಿದಳು. ಫಾರಂ ತುಂಬಿಟ್ಟಳು. ಸಹಿ ಹಾಕುವುದನ್ನು ಮರೆತು ಡಿಬೇಟಿಗೆಂದು ಮೆಲ್ಬರ್ನಿಗೆ ಹೊರಟಳು. ಅಲ್ಲಿಂದ ಫೋನಿನಲ್ಲಿ, “ಐ ವಿಲ್ ಸೈನ್ ಇಟ್ ಆನ್ ಮಂಡೇ. ಯೋಗೀಶ್ ಸೆಡ್ ಇಟ್ಸ್ ಫೈನ್,” ಎಂದಳು.

ನಮ್ಮವರಿಗೆ ನಿದ್ದೆ ಹತ್ತಲಿಲ್ಲ. “ಸೋಮವಾರ ಅಂತಾನೆ, ಶುಕ್ರವಾರಾನೇ ಹೊಸ ಸದಸ್ಯರ ಪಟ್ಟಿ ಮುಗಿಸ್ತಾನೆ. ಆಮೇಲೆ ಇವಳ ಜಾಗಕ್ಕೆ ತನ್ನ ರೂಮ್‌ಮೇಟನ್ನ ಸೇರಿಸ್ತಾನೆ. ನಂಗೊತ್ತಿಲ್ವಾ?” ಎಂದು ತಾವೇ ಪೆನ್ನು ತೆಗೆದು ‘ನಿಕಿತಾ’ ಎಂದು ಮುದ್ದಾಗಿ ಸಹಿ ಹಾಕಿ ಕಳಿಸಿದರು. ನಾನೂ ತಡೆಯಲಿಲ್ಲ. ಸಂಘದ ಹಾಜರಿ ಪುಸ್ತಕದಲ್ಲಿ ಮನೆಗೊಬ್ಬರೇ ಎಲ್ಲರ ಸಹಿ ಹಾಕುವುದು ನಮ್ಮ ರೂಢಿ. ಇದೂ ಹಾಗೆಯೇ ಎಂದುಕೊಂಡೆ. ಮಗಳು ಬಂದಾಗ, ಎಲ್ಲ ಆಯಿತು ಹೋಗು ಎಂದಷ್ಟೇ ಹೇಳಿದರು.

ಆರು ತಿಂಗಳ ಮೇಲೆ ಪಕ್ಷದೊಳಗಿನ ಓಟಿನ ದಿನ. ಸ್ಕೂಲ್ ಹಾಲಿನಲ್ಲಿ ಸಾಲು. ನಿಕಿತಾ ನನ್ನ ಹಸಿರು ಶಾಲು ಹೊದ್ದು ನಮ್ಮಿಬ್ಬರ ಜೊತೆ ಬಂದಿದ್ದಳು. ಬಾಗಿಲ ಬಳಿ ಅವಳು ಹಾಕಿದ ಸಹಿಯನ್ನು ಎದುರು ಅಭ್ಯರ್ಥಿಯ ಕಡೆಯವನೊಬ್ಬ ಹಳೆಯ ಫಾರಮ್ಮಿನ ಪಕ್ಕ ಇಟ್ಟು ತಕರಾರು ತೆಗೆದ. ಮೇಜಿನ ಹಿಂದಿದ್ದ ಮುದುಕ ಅಧಿಕಾರಿ ಫಾರಂ ತೋರಿಸಿ ಮೆಲ್ಲಗೆ ಕೇಳಿದರು, ಇದು ನಿನ್ನ ಸಹಿಯೇನಮ್ಮ ಎಂದು.

ಹೂಂ ಅಂದುಬಿಡೇ, ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಹೂಂ ಎಂದರೆ ಓಟು ಸಿಗುತ್ತಿತ್ತು. ಅವಳು ಅಪ್ಪನ ಮುಖ ನೋಡಿದಳು.

“ನೋ,” ಎಂದಳು.

ನಮ್ಮವರು ಮುಂದೆ ಬಂದು ತಾವೇ ಹಾಕಿದ್ದೆಂದು ಒಪ್ಪಿಕೊಂಡರು. ಅಧಿಕಾರಿ ಅವಳ ಹೆಸರು ಹೊಡೆದುಹಾಕಿದರು. ಅಲ್ಲೇ ನಿಂತಿದ್ದ ಯೋಗೀಶ, “ಅಂಕಲ್, ಆಗ ನಾನು ಪಟ್ಟಿ ಕೊಟ್ಟಿದ್ದೇ ಆ ಸೋಮವಾರ ಕಳೆದು ಬುಧವಾರ. ಅವಳಿಗೋಸ್ಕರ ಕಾಯ್ತಿದ್ನಲ್ಲ,” ಎಂದ. ನಿಕಿತಾ ಬಿಕ್ಕಿ ಬಿಕ್ಕಿ ಅತ್ತಳು. ಹೆಲೆನ್ ಸೋತರು, ಅದೇನೂ ಒಂದು ಓಟಿನಿಂದಲ್ಲ.

ಕಾರಿನಲ್ಲಿ ನಮ್ಮವರು, “ಆ ಯೋಗೀಶನೇ ಎದುರಿನವರಿಗೆ ಹೇಳಿಕೊಟ್ಟಿರಬೇಕು,” ಎಂದು ಶುರುಮಾಡಿದರು. ನನಗೆ ಮೈಯೆಲ್ಲ ಉರಿಯಿತು. “ಬಾಯಿ ಮುಚ್ಕೊಂಡು ಗಾಡಿ ಓಡಿಸ್ರೀ,” ಎಂದೆ. ಮದುವೆಯಾದ ಮೇಲೆ ಹಾಗೆ ಅಂದದ್ದು ಅದೇ ಮೊದಲು.

ಮರುವರ್ಷದ ಯುಗಾದಿಗೆ ಸಂಘದ ಬಾಗಿಲಲ್ಲಿ ಅದೇ ಹಾಜರಿ ಪುಸ್ತಕ. ನಮ್ಮವರು ತಮ್ಮ ಸಹಿ ಹಾಕಿದರು, ‘ಅರುಂಧತಿ’ ಎಂದು ನನ್ನದೂ ಹಾಕಿದರು. ಮೂರನೇ ಸಾಲಿಗೆ ಪೆನ್ನು ಇಳಿಯುವಷ್ಟರಲ್ಲಿ ನಿಕಿತಾ ಅದರ ಮೇಲೆ ಅಂಗೈ ಇಟ್ಟಳು. ಮನೆಯಲ್ಲಿ ಯಾವಾಗಲೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಹುಡುಗಿ ಕನ್ನಡದಲ್ಲಿ ಹೇಳಿದಳು.

“ನಾನೇ ಹಾಕ್ತೀನಿ, ಅಪ್ಪ.”

“ನನ್ನ ಮೇಲೆ ನಂಬಿಕೆ ಇಲ್ವೇನೇ?”

“ಇಲ್ಲ.”

ಹಿಂದೆ ಜನ ಕಾಯುತ್ತಿದ್ದರು. ನಮ್ಮವರು ಪೆನ್ನನ್ನು ಅವಳ ಕೈಗೆ ಕೊಟ್ಟರು.