ಲೀನೊ ಬಿಟ್ಟುಹೋದ ಕ್ರಾಂಪಾನು

ನಮ್ಮ ಬೆಟ್ಟದೂರು ಕೋನ್ಯೆಯಲ್ಲಿ ಐಸು ಹತ್ತುವ ಹಿಮಗೊಡಲಿಯ ಮೂತಿ ಮೊಂಡಾದರೆ ಜನ ಹೋಗುತ್ತಿದ್ದದ್ದು ಎರ್ಮಿನಾಳ ಕೊಟ್ಟಿಗೆಗೆ. ಅಂಗಡಿಯಲ್ಲಿ ಯಂತ್ರವಿತ್ತು, ಎರಡು ನಿಮಿಷದಲ್ಲಿ ಚೂಪು ಮಾಡಿ ಕೈಗಿಡುತ್ತಿದ್ದರು. ಆದರೆ ಯಂತ್ರದ ಬಿಸಿಗೆ ಉಕ್ಕಿನ ಗಟ್ಟಿತನ ಹೋಗಿ, ನಾಲ್ಕು ಏಟಿಗೆ ತುದಿ ಬಾಗುತ್ತಿತ್ತು. ಎರ್ಮಿನಾ ಕೈಯಲ್ಲಿ ಅರ ಹಿಡಿದು ಉಜ್ಜುವವಳು. ಒಂದು ಜೊತೆಗೆ ಮುಕ್ಕಾಲು ಗಂಟೆ, ಅಷ್ಟು ಹೊತ್ತೂ ತಂದವರಿಗೆ ಬೈಗುಳ ಪುಕ್ಕಟೆ.

ಅವಳಪ್ಪ ಮೇಲಿನ ಕಬ್ಬಿಣದ ಗಣಿಯಲ್ಲಿ ಕಮ್ಮಾರ. ಮಗಳಿಗೆ ಆಸ್ತಿ ಅಂತ ಕೊಟ್ಟದ್ದು ಎರಡೇ ವಿದ್ಯೆ: ಅರ ಹಿಡಿಯುವುದು, ಡಾಂಬರು ಬಳಿಯುವುದು. ಗಣಿಯಲ್ಲಿ ಕೆಲಸವಿಲ್ಲದ ಹಾರೆ, ಗುದ್ದಲಿಗಳಿಗೆಲ್ಲ ತೆಳ್ಳಗೆ ಡಾಂಬರು ಬಳಿದು ಗೋಡೆಗೆ ತೂಗುಹಾಕುತ್ತಿದ್ದರು, ತುಕ್ಕು ಹತ್ತಿರ ಸುಳಿಯುತ್ತಿರಲಿಲ್ಲ. ಗಣಿ ಮುಚ್ಚಿ ಮೂವತ್ತು ವರ್ಷವಾದರೂ ನಮ್ಮ ಕಣಿವೆಯ ಹಳೆ ಮನೆಗಳಲ್ಲಿ ಆ ಅಭ್ಯಾಸ ಹೋಗಿಲ್ಲ. ಮೇ ತಿಂಗಳಲ್ಲಿ ಹಿಮ ಇಳಿದ ಮೇಲೆ ಎರ್ಮಿನಾಳ ಅಂಗಳ ಡಾಂಬರಿನ ವಾಸನೆ ಹೊಡೆಯುತ್ತಿತ್ತು. ಗುದ್ದಲಿ, ಸಲಿಕೆಯ ಜೊತೆಗೆ ಅವಳ ಗಂಡ ಲೀನೊ ಬಿಟ್ಟುಹೋದ ಕ್ರಾಂಪಾನು ಜೊತೆಯೂ ಬಿಸಿಲಿಗೆ ಒಣಗುತ್ತಿತ್ತು. ಹೆಪ್ಪುಗಟ್ಟಿದ ಜಲಪಾತ ಹತ್ತುವಾಗ ಬೂಟಿನಡಿ ಬಿಗಿದು, ಐಸಿಗೆ ಒದ್ದು ಊರುವ ಉಕ್ಕಿನ ಮುಳ್ಳು ಅದು. ಲೀನೊ ಅದನ್ನು ಕಟ್ಟಿಕೊಂಡು ಹದಿನೆಂಟು ಚಳಿಗಾಲ ಹತ್ತಿದ್ದ. ಸತ್ತದ್ದು ಮಾತ್ರ ಹಾಸಿಗೆಯಲ್ಲಿ, ಶ್ವಾಸಕೋಶದ ಕಾಯಿಲೆಯಿಂದ.

ಹೊಸದಾಗಿ ಹತ್ತುವವರು ಯಾರು ಬಂದರೂ ಕೇಳುವುದು ಒಂದೇ ಪ್ರಶ್ನೆ: ಒಳ್ಳೆ ಕೊಡಲಿ, ಒಳ್ಳೆ ಕ್ರಾಂಪಾನು ಈಗಲೇ ಕೊಳ್ಳಲೇ? ಎರ್ಮಿನಾಳ ಉತ್ತರವೂ ಒಂದೇ.

"ಮೊದ್ಲು ಕಾಲು ಕಲೀರಿ. ಬಾಗಿದ ಹಿಡಿಯ ಕೊಡಲಿ ಕೊಂಡ್ರೆ ಅದೇನು ನಿಮ್ಮನ್ನ ಹೆಗಲ ಮೇಲೆ ಕೂರಿಸ್ಕೊಂಡು ಹತ್ತುತ್ತಾ?"

ಕೊಡಲಿಯ ವಿಷಯದಲ್ಲಿ ಅವಳ ಮಾತು ನೂರಕ್ಕೆ ನೂರು ನಿಜ. ಹತ್ತು ಸಲವೂ ಐಸಿಗೆ ಕಾಲಿಡದವನ ಕೈಗೆ ಅಂಗಡಿಯವರು ಆರುನೂರು ಯುರೋದ ಕೊಡಲಿ ತುರುಕುವುದನ್ನು ಕಂಡು ನನಗೂ ಮೈ ಉರಿದಿದೆ. ಕ್ರಾಂಪಾನಿನ ವಿಷಯದಲ್ಲೂ ಅದೇ ಮಾತು ನಡೆಯುತ್ತದೆ ಅಂತ ಅವಳು ನಂಬಿದ್ದಳು. ನಾವೂ ನಂಬಿದ್ದೆವು.

ಲೊರೆಲ್ಲಾ ನಮ್ಮೂರ ಅಂಚೆಯವಳು, ಮೂವತ್ತಾರರ ಹೆಂಗಸು. ಎರ್ಮಿನಾಳಿಗೆ ರಕ್ತಸಂಬಂಧವೇನಲ್ಲ, ಆದರೂ ಕಾಗದ ಕೊಡಲು ಬಂದವಳು ಸೂಪು ಕುಡಿಯದೆ ಹೋದದ್ದಿಲ್ಲ. ಎರಡು ಚಳಿಗಾಲ ಅವಳು ಲೀನೊನ ಕ್ರಾಂಪಾನು ಎರವಲು ಪಡೆದು, ಮೇಲಿನಿಂದ ಬಿಟ್ಟ ಹಗ್ಗ ಕಟ್ಟಿಕೊಂಡು ಹತ್ತಿದ್ದಳು, ಜಾರಿದರೆ ಹಗ್ಗ ಹಿಡಿಯುತ್ತಿತ್ತು. ಮೂರನೆಯ ಚಳಿಗಾಲ ತಾನೇ ಮುಂದಾಗಿ ಹಗ್ಗ ಮೇಲಕ್ಕೆ ಒಯ್ಯಬೇಕೆಂಬ ಆಸೆ ಹುಟ್ಟಿತು. ಹಾಗೆ ಮುಂದೆ ಹೋಗುವವರು ಬಿದ್ದರೆ ದೂರ ಬೀಳುತ್ತಾರೆ. ಅವಳು ಡಿಸೆಂಬರಿನಲ್ಲಿ ಆ ಕ್ರಾಂಪಾನು ಹಿಡಿದು ಕೊಟ್ಟಿಗೆಗೆ ಬಂದು ಬಾಗಿಲಲ್ಲೇ ನಿಂತಳು.

"ಅತ್ತೆ, ಹೊಸ ಕ್ರಾಂಪಾನು ತಗೊಳ್ಳೋಣ ಅಂತಿದೀನಿ. ದುಡ್ಡು ಎತ್ತಿಟ್ಟಿದೀನಿ."

"ಯಾಕೆ, ಲೀನೊಂದು ಏನಾಗಿದೆ? ಎರಡು ವರ್ಷ ಹಾಕ್ಕೊಂಡು ಕುಣಿದೆಯಲ್ಲ."

"ಏನಾಗಿಲ್ಲ. ಹಳೇದಾಯ್ತಲ್ವಾ ಅಂತ."

"ನಾನೂ ಹಳಬಳಾದೆ, ಎಸೆದ್ಬಿಡ್ತೀಯಾ? ಕೊಡಿಲ್ಲಿ. ಆ ದುಡ್ಡಲ್ಲಿ ಗಂಡನಿಗೊಂದು ಒಳ್ಳೆ ಕೋಟು ಕೊಡಿಸು, ಚಳೀಲಿ ಬಡ್ಕೋತಿರ್ತಾನೆ."

ಲೊರೆಲ್ಲಾ ನಕ್ಕಳು. ಎರ್ಮಿನಾ ಮುಂದಿನ ಮುಳ್ಳುಗಳನ್ನು ಅರದಿಂದ ಉಜ್ಜಿ, ಉಗುರಿಗೆ ತಾಗಿಸಿ ನೋಡಿ ಕೊಟ್ಟಳು. ಚೌಕಟ್ಟಿಗೆ ಬಳಿದ ಡಾಂಬರನ್ನು ಕೆರೆಯಲಿಲ್ಲ. ಅವಳಪ್ಪನೂ ಕೆರೆದವನಲ್ಲ, ಹಳೆಯದರ ಮೇಲೇ ಹೊಸದನ್ನು ಬಳಿಯುತ್ತಿದ್ದ. ತೋಳುದಪ್ಪದ ಹಾರೆಗೆ ಅದು ನಡೆಯುತ್ತಿತ್ತು.

ಜನವರಿಯ ಎರಡನೆಯ ಶನಿವಾರ ಬೆಳಿಗ್ಗೆ ಹತ್ತೂವರೆಗೆ ಲಿಲ್ಲಾಜ್ ಕಡೆಯ ಜಲಪಾತದಲ್ಲಿ ಲೊರೆಲ್ಲಾ ಬಿದ್ದಳು. ಹನ್ನೆರಡು ಮೀಟರು ಕೆಳಗೆ ಹೊರಚಾಚಿದ ಬಂಡೆಗೆ ಬೆನ್ನು ಬಡಿಯಿತು. ಹೆಲಿಕಾಪ್ಟರ್ ಬಂತು. ಪ್ರಾಣ ಉಳಿಯಿತು, ಸೊಂಟದಿಂದ ಕೆಳಗೆ ಸ್ವಾಧೀನ ಉಳಿಯಲಿಲ್ಲ.

ಕೆಳಗೆ ಹಗ್ಗ ಹಿಡಿದಿದ್ದವನು ಗೈಡ್ ಅಬೆಲ್. ಒಳ್ಳೆಯವನೇ, ಆದರೆ ಕಾಣದ್ದನ್ನೂ ಕಂಡೆ ಅನ್ನುವ ಚಾಳಿ. "ಹಿಮ್ಮಡಿ ಎತ್ತಿರ್ತಾಳೆ. ಹೊಸಬರೆಲ್ಲ ಮಾಡೋದೇ ಅದು, ಮುಳ್ಳು ಐಸಿಂದ ಕಿತ್ಕೊಂಡು ಬಂದ್ಬಿಡುತ್ತೆ," ಅಂದ. ಅಷ್ಟು ಸಾಕಾಯಿತು. ಬಾರಿನಲ್ಲಿ, ಬೇಕರಿಯಲ್ಲಿ, ಚರ್ಚಿನ ಮೆಟ್ಟಿಲ ಮೇಲೆ ಎಲ್ಲರೂ ಲೊರೆಲ್ಲಾಳ ಹಿಮ್ಮಡಿಯ ಪಂಡಿತರಾದರು. ಅಂಚೆ ಹಂಚಿಕೊಂಡು ಇರಬಾರದಿತ್ತೇ ಅಂದವರೂ ಇದ್ದರು. ಆಸ್ಪತ್ರೆಗೆ ಹೋದವರು ಅವಳ ಕಿವಿಗೂ ಅದನ್ನೇ ಹಾಕಿ ಬಂದರು.

ನಾಲ್ಕು ದಿನದ ಮೇಲೆ ಅಬೆಲ್ ಒಂದು ಚೀಲ ತಂದು ಎರ್ಮಿನಾಳ ಮೇಜಿನ ಮೇಲಿಟ್ಟ. "ಲೀನೊನ ಕ್ರಾಂಪಾನು. ಬಿದ್ದ ಏಟಿಗೆ ಒಂದು ಮುರಿದಿದೆ. ನಿಮ್ಮನೇದು ಅಂತ ತಂದೆ," ಅಂದು ಹೋದ.

ಅವಳು ಮುರಿದದ್ದನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಮುಂದಿನ ಮುಳ್ಳುಗಳು ಚೌಕಟ್ಟಿನಿಂದ ಬಾಗಿ ಹೊರಡುವ ಕಡೆ ತುಂಡಾಗಿತ್ತು. ಒಂದೇ ಏಟಿಗೆ ಮುರಿದ ಉಕ್ಕು ಇಡೀ ಬೆಳ್ಳಗೆ ಹೊಳೆಯಬೇಕು. ಇಲ್ಲಿ ಅರ್ಧ ಬೆಳ್ಳಗಿತ್ತು, ಇನ್ನರ್ಧ ಕಪ್ಪು. ಉಗುರಿನಿಂದ ಕೆರೆದಳು. ಡಾಂಬರು. ಬಿರುಕು ಮೇ ತಿಂಗಳಲ್ಲೇ ಇತ್ತು, ಅದರೊಳಕ್ಕೆ ಡಾಂಬರು ಇಳಿದಿತ್ತು, ಅದರ ಮೇಲೆ ನುಣ್ಣಗೆ ಬಳಿದು ಮುಚ್ಚಿದ್ದವಳು ತಾನೇ. ಬರಿ ಉಕ್ಕಾಗಿದ್ದರೆ ಕುರುಡನ ಬೆರಳಿಗೂ ಸಿಗುತ್ತಿತ್ತು.

ಎರ್ಮಿನಾ ಅದನ್ನು ಚಿಂದಿಯಲ್ಲಿ ಸುತ್ತಿ ಅರಗಳ ಪೆಟ್ಟಿಗೆಯ ತಳಕ್ಕೆ ಹಾಕಿದಳು. ಮೂರು ವಾರ ಬಾಯಿ ಬಿಡಲಿಲ್ಲ. ಇದನ್ನು ಬರೆಯುವಾಗ ನನಗೆ ಅವಳ ಮೇಲೆ ಸಿಟ್ಟು ಬರುತ್ತದೆ. ಮುಳ್ಳು ತಂದವರಿಗೆಲ್ಲ ಗಂಟೆಗಟ್ಟಲೆ ಬುದ್ಧಿ ಹೇಳುತ್ತಿದ್ದ ಬಾಯಿ ಅದು. ಬೇಕರಿಯಲ್ಲಿ ತನ್ನೆದುರೇ ಹಿಮ್ಮಡಿಯ ಮಾತು ಬಂದಾಗ ಬ್ರೆಡ್ಡು ತೆಗೆದುಕೊಂಡು ಹೊರಟುಬಿಟ್ಟಳು. ಆದರೆ ಊಟ ಸೇರುತ್ತಿರಲಿಲ್ಲ.  ಒಂದು ಮಂಗಳವಾರ ಒಳ್ಳೆ ಉಣ್ಣೆ ಶಾಲು ಹೊದ್ದು, ಒಣದ್ರಾಕ್ಷಿ ಹಾಕಿದ ಮೆಕೂಲಿನ್ ಬ್ರೆಡ್ಡು ಕಟ್ಟಿಕೊಂಡು, ಆ ಚಿಂದಿಯ ಗಂಟನ್ನೂ ಚೀಲದಲ್ಲಿಟ್ಟು ತೊರಿನೊ ನಗರದ ಆಸ್ಪತ್ರೆಗೆ ಹೊರಟಳು. ಕಾಲಿಗೆ ಬಿದ್ದಾದರೂ ಕ್ಷಮೆ ಕೇಳಬೇಕು ಅಂತ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದಳು.

ಲೊರೆಲ್ಲಾ ದಿಂಬಿಗೆ ಒರಗಿದ್ದಳು, ಮುಖ ಸೊರಗಿ ಅರ್ಧವಾಗಿತ್ತು.

"ಬಂದ್ಯಾ ಅತ್ತೆ. ನೀನಾದ್ರೂ ಹಿಮ್ಮಡಿ ವಿಷ್ಯ ಎತ್ತಬೇಡ. ನನಗೆ ಗೊತ್ತು, ಎಡವಟ್ಟು ನಂದೇ. ದಿನಾ ಅದನ್ನೇ ನೆನೆಸ್ಕೊಳ್ತೀನಿ, ಎಲ್ಲಿ ಎತ್ತಿದೆ ಅಂತಾನೇ ಹೊಳೀತಿಲ್ಲ."

ಎರ್ಮಿನಾ ಗಂಟು ಬಿಚ್ಚಿ ಮುರಿದ ಉಕ್ಕನ್ನು ಹಾಸಿಗೆಯ ಮೇಲಿಟ್ಟಳು. ಬೆಳ್ಳಗಿನ ಅರ್ಧ ತೋರಿಸಿದಳು, ಕಪ್ಪು ಅರ್ಧ ತೋರಿಸಿದಳು. ಮೇ ತಿಂಗಳ ಡಾಂಬರಿನ ಮಾತು ಹೇಳಿದಳು. ಮೂರು ವಾರ ಮುಚ್ಚಿಟ್ಟದ್ದನ್ನೂ ಹೇಳಿದಳು.

ಲೊರೆಲ್ಲಾ ಉಕ್ಕನ್ನು ಕೈಗೆತ್ತಿಕೊಂಡು ಕಪ್ಪು ಅರ್ಧದ ಮೇಲೆ ಬೆರಳಾಡಿಸಿದಳು. ಬೈಯುತ್ತಾಳೆ ಅಂತ ಎರ್ಮಿನಾ ತಲೆ ತಗ್ಗಿಸಿದಳು.

"ಹಾಗಾದ್ರೆ ನಾನು ಒದ್ದದ್ದು ಸರಿ ಇತ್ತಾ?"

"ಸರಿ ಇತ್ತು ಕಣೇ. ಹಿಮ್ಮಡಿ ಎತ್ತಿದ್ರೆ ಮುಳ್ಳು ಕಿತ್ಕೊಂಡು ಬರ್ತಿತ್ತು, ಹೀಗೆ ಮುರೀತಿರ್ಲಿಲ್ಲ. ನೀನು ಒದ್ದದ್ದು ಗಟ್ಟಿಯಾಗೇ ಕೂತಿತ್ತು."

ಲೊರೆಲ್ಲಾ ಅಳತೊಡಗಿದಳು. ಬಿದ್ದಾಗಿನಿಂದ ಅತ್ತಿರಲಿಲ್ಲವಂತೆ, ನರ್ಸು ಗಾಬರಿಯಾಗಿ ಓಡಿಬಂದಳು. ಕೈಯಾಡಿಸಿ ನರ್ಸನ್ನು ಕಳಿಸಿ, ಮೂಗೊರೆಸಿಕೊಂಡು ಕೇಳಿದಳು:

"ಇದನ್ನ ಅಬೆಲ್‌ಗೆ ಹೇಳ್ತೀಯಾ?"

"ಹೇಳ್ತೀನಿ."

"ಬಾರಲ್ಲಿ? ಬೇಕರೀಲಿ? ನನ್ನ ಗಂಡನಿಗೆ?"

"ಎಲ್ಲರಿಗೂ ಹೇಳ್ತೀನಿ."

"ಹೇಳು. ಆಮೇಲೆ ಇಲ್ಲಿಗೆ ಬರಬೇಡ. ನಿನ್ನ ಮೇಲೆ ದ್ವೇಷ ಅಂತಲ್ಲ ಅತ್ತೆ. ನಿನ್ನ ನೋಡಿದ್ರೆ ನಂಗೆ ಎತ್ತಿಟ್ಟಿದ್ದ ಆ ದುಡ್ಡು ನೆನಪಾಗುತ್ತೆ. ಕೈಲೇ ಇತ್ತು."

"ಬರಲ್ಲ," ಅಂದಳು ಎರ್ಮಿನಾ. ಬ್ರೆಡ್ಡನ್ನು ಮೇಜಿನ ಮೇಲಿಟ್ಟು, ಬಾಗಿಲು ಮೆಲ್ಲಗೆ ಎಳೆದುಕೊಂಡು ಹೊರಬಂದಳು. ಬಸ್ಸು ಊರು ದಾಟಿದ ಮೇಲೆ ನೆನಪಾಯಿತು, ಕ್ಷಮೆ ಕೇಳುವುದನ್ನೇ ಮರೆತಿದ್ದಳು. ಇನ್ನು ಹೋಗಿ ಕೇಳುವಂತಿರಲಿಲ್ಲ.