ಕೆಂಪು ಪಟಗಾ

ಟೇಲರ್ ಕಾಕಾ ಮಾತಾಡುವಾಗ ಅವರ ತುಟಿಗಳ ನಡುವೆ ಯಾವಾಗಲೂ ನಾಲ್ಕೈದು ಗುಂಡುಸೂಜಿ ಇರುತ್ತಿದ್ದವು. ಯಾರನ್ನಾದರೂ ಬೈಯಬೇಕಾದರೂ ಅವನ್ನು ತೆಗೆಯುತ್ತಿರಲಿಲ್ಲ. ಹಲ್ಲು ಕಚ್ಚಿಕೊಂಡೇ ಬೈಯುವುದರಿಂದ ಬೈಗುಳ ಇನ್ನಷ್ಟು ಚುಚ್ಚುತ್ತಿತ್ತು. ಅಣ್ಣಿಗೇರಿ ರಸ್ತೆಗೆ ಮುಖ ಮಾಡಿದ್ದ ಅವರ ಅಂಗಡಿಯಲ್ಲೇ ನಾನು ಹೊಲಿಗೆ ಕಲಿತೆ. ಕಾಜ ಮಾಡುವುದನ್ನೂ, ಸೇಡು ಇಟ್ಟುಕೊಳ್ಳುವುದನ್ನೂ ಅವರೇ ಕಲಿಸಿದರು.

ಬಲು ಸಾಧು ಮನುಷ್ಯ ಎಂದು ಬರೆದರೆ ಗೋರಿಯಿಂದ ಎದ್ದು ಬಂದಾರು. ಒಮ್ಮೆ ಕೂಲಿ ಕೇಳಿದ ಆಳಿನ ಮೇಲೆ ಕೈ ಮಾಡಿದ್ದ ದೊಡ್ಡ ರೈತನೊಬ್ಬ, ಮಗಳ ಮದುವೆಗೆ ಅಂಗಿ ಹೊಲಿಸಲು ಬಂದ. ಕಾಕಾ ಚೆಂದವಾಗಿಯೇ ಹೊಲಿದರು. ಅಕ್ಷತೆ ಹಾಕಲು ಆತ ಕೈಯೆತ್ತಿದ್ದೇ ತಡ, ಕಂಕುಳಲ್ಲಿ ಅಂಗಿ ಪರ್ರೆಂದು ಬಿಚ್ಚಿತು. ಹಂದರವೆಲ್ಲ ನಕ್ಕಿತು. ಮರುದಿನ ಜಗಳಕ್ಕೆ ಬಂದಾಗ ಕಾಕಾ ಮಷಿನ್ ನಿಲ್ಲಿಸದೆ ಹೇಳಿದರು: "ಕೈ ಎತ್ತೋ ಚಟ ಬಿಡ್ರಿ ಸಾವಕಾರ್ರ. ಅಂಗಿಗೂ ಸಿಟ್ಟು ಬರ್ತೈತಿ."

ನಮ್ಮೂರ ಕೂಲಿಕಾರರ ಸಂಘದ ಕೆಂಪು ಬಾವುಟಗಳನ್ನೆಲ್ಲ ಹೊಲಿದವರು ಕಾಕಾ. ಸಂಘ ಕಟ್ಟಿದ ಅಧ್ಯಕ್ಷರು ಒಂದು ಕಾಲಕ್ಕೆ ಗೌಡಕಿಗೆ ಎದೆ ಕೊಟ್ಟು ನಿಂತವರು, ಅದನ್ನು ಇಲ್ಲವೆನ್ನಲಾರೆ. ನಮ್ಮ ಕಡೆ ಗೌಡ ತೀರಿಕೊಂಡರೆ ಹಿರಿಯರು ಕೂಡಿ ಮಗನ ತಲೆಗೆ ಪಟಗಾ ಸುತ್ತುತ್ತಾರೆ. ಸುತ್ತಿದ ಗಳಿಗೆಯಿಂದ ಅವನೇ ಗೌಡ, ಊರೆಲ್ಲ ಕೈ ಮುಗಿಯಬೇಕು. "ತಲಿ ಮಗಂದು, ಪಟಗಾ ಅಪ್ಪಂದು, ಬಗ್ಗೂ ಬೆನ್ನು ಮಾತ್ರ ನಿಮ್ದು!" ಎಂದು ಅಧ್ಯಕ್ಷರು ಭಾಷಣದಲ್ಲಿ ಹಂಗಿಸುತ್ತಿದ್ದರು. ಮುಂದಿನ ಸಾಲಿನಲ್ಲಿ ಕೂತ ಕಾಕಾ ತೊಡೆ ತಟ್ಟುತ್ತಿದ್ದರು.

ಆ ಸಂಘಕ್ಕೆ ಹೆಂಗಸರನ್ನು ತಂದವಳು ನನ್ನ ಅವ್ವ. ಜೋಳದ ಸುಗ್ಗಿಯಲ್ಲಿ ಹೊಲದಿಂದ ಹೊಲಕ್ಕೆ ನಡೆದು, ಗಂಡಾಳಿನಷ್ಟೇ ಕೂಲಿ ಒಪ್ಪುವವರೆಗೆ ಯಾರೂ ಕುಡಗೋಲು ಹಿಡಿಯಬೇಡಿರೆಂದು ಹೆಂಗಸರನ್ನು ಬದುವಿನ ಮೇಲೆ ಕೂರಿಸಿದವಳು. ಬೈಸಿಕೊಂಡಳು, ಹೊಡೆಸಿಕೊಂಡಳು, ಗೆದ್ದಳು. ಅಧ್ಯಕ್ಷರ ನಂತರ ಅವಳೇ ಎಂಬುದು ಊರಿಗೆ ಗೊತ್ತಿದ್ದ ಮಾತು.

ಅಧ್ಯಕ್ಷರ ಮೊಣಕಾಲು ಸೋತ ವರ್ಷ, ಸಂಘದ ಕಚೇರಿಯ ಟಿವಿಯಲ್ಲಿ ದೂರದ ಒಂದು ದೇಶದ ಮೆರವಣಿಗೆ ತೋರಿಸುತ್ತಿದ್ದರು. ಅಲ್ಲಿಯದೂ ನಮ್ಮದೇ ಕೆಂಪು ಬಣ್ಣ. ಗೋಡೆಯ ಮೇಲೆ ಆಳಿ ಹೋದ ಅಜ್ಜ ಮತ್ತು ಅಪ್ಪನ ಚಿತ್ರಗಳು, ಕಟ್ಟೆಯ ಮೇಲೆ ಆಳುತ್ತಿರುವ ಮೊಮ್ಮಗ. ಕಾಕಾ ಅಂದು ಬಾಯಿಂದ ಸೂಜಿ ತೆಗೆದು ಅಂಗಿಗೆ ಚುಚ್ಚಿಕೊಂಡರು.

"ಅಧ್ಯಕ್ಷರ, ಅಜ್ಜ ಹ್ವಾದ, ಮಗ ಬಂದ. ಮಗ ಹ್ವಾದ, ಮೊಮ್ಮಗ ಬಂದ. ಇದು ಕೂಲಿಕಾರರ ರಾಜ್ಯನೋ, ರಾಜನ ರಾಜ್ಯನೋ?"

"ಅಲ್ಲಿ ಕಿರೀಟ ಐತೇನು? ಸಿಂಹಾಸನ ಐತೇನು? ಜನಾನ ಕೈ ಎತ್ತಿ ಆರಿಸ್ಯಾರ" ಎಂದರು ಅಧ್ಯಕ್ಷರು.

"ಅಂಗಿ ಬಣ್ಣ ಬದಲಾದ್ರ ಮೈ ಅಳತಿ ಬದಲಾಗ್ತೈತೇನ್ರಿ? ಇವ್ರಕಿಂತ ರಾಜಾನ ಪಾಡ ನೋಡ್ರಿ. ನಮ್ಮಪ್ಪಂದು, ನಾ ಉಣ್ತೀನಿ ಅಂತ ಖರೆ ಹೇಳ್ತಾನ. ಅವನ ಮುಂದ ಬಗ್ಗಿದ್ರ ಮುಗೀತು. ಇವ್ರ ಮುಂದ ಬಗ್ಗಬೇಕು, ಮ್ಯಾಲೆ ನಾನಾಗೇ ಬಗ್ಗೇನಿ ಅಂತ ಚಪ್ಪಾಳಿನೂ ಹೊಡೀಬೇಕು!"

ಅಧ್ಯಕ್ಷರು ಟಿವಿ ಆರಿಸಿದರು. ಅವರ ಸಿಟ್ಟಿನ ಕಾರಣ ನಮಗೆ ಮುಂದಿನ ಸಭೆಯಲ್ಲಿ ತಿಳಿಯಿತು. ಹುಬ್ಬಳ್ಳಿಯಲ್ಲಿ ಮೊಬೈಲ್ ಅಂಗಡಿ ನಡೆಸುತ್ತಿದ್ದ, ಒಂದು ದಿನವೂ ಹೊಲಕ್ಕಿಳಿಯದ ಮಗನನ್ನು ಬಾಜು ಕುರ್ಚಿಯಲ್ಲಿ ಕೂರಿಸಿಕೊಂಡು ಕೇಳಿದರು: "ಇನ್ನ ಮ್ಯಾಲೆ ನನ್ನ ಜಾಗಾಕ್ಕ ಇಂವ. ಒಪ್ಪಿಗಿ ಇದ್ದವ್ರು ಕೈ ಎತ್ರಿ." ಒಂದೊಂದಾಗಿ ಕೈಗಳು ಎದ್ದವು. ಎಲ್ಲರೂ ತಿರುಗಿ ಅವ್ವನನ್ನು ನೋಡಿದರು. ಸಂಘ ಒಡೆದೀತೆಂದು ಅಂಜಿ ಅವ್ವನೂ ಕೈ ಎತ್ತಿದಳು. ಆ ಕೈ ನನ್ನ ಕಣ್ಣಿಂದ ಇವತ್ತಿಗೂ ಹೋಗಿಲ್ಲ.

ಕೈ ಎತ್ತದವರು ಕಾಕಾ ಒಬ್ಬರೇ. ಬಾವುಟಕ್ಕೆಂದು ತಂದಿದ್ದ ಕೆಂಪು ಬಟ್ಟೆಯನ್ನು ಚೀಲದಿಂದ ಎಳೆದರು. ನೇರ ಹೋಗಿ ಆ ಮಗನ ತಲೆಗೆ ಗರಗರನೆ ಪಟಗಾ ಸುತ್ತಿ, ನೆಲ ಮುಟ್ಟುವ ಹಾಗೆ ಬಗ್ಗಿ, "ಶರಣ್ರಿ ಗೌಡ್ರ!" ಎಂದರು. ತಂದೆ ಮಗ ಇಬ್ಬರ ಮಾನವೂ ಅಲ್ಲೇ ಕಳೆಯಬೇಕೆಂಬುದು ಅವರ ಲೆಕ್ಕ.

ಆದರೆ ಪಟಗಾ ಕಂಡದ್ದೇ ಹಿರಿಯರು ರೂಢಿಯಂತೆ ಎದ್ದು ನಿಂತರು. ಒಬ್ಬ ತನ್ನ ಹೆಗಲ ಟವೆಲನ್ನೇ ಹುಡುಗನಿಗೆ ಹೊದಿಸಿದ. ಮುದುಕಿಯೊಬ್ಬಳು ಅವನ ಗಲ್ಲ ಸವರಿ ನೆಟಿಕೆ ಮುರಿದಳು. ಹುಡುಗ ನಾಚಿಕೊಂಡು ಎಲ್ಲರಿಗೂ ಕೈ ಮುಗಿದ. ವಾರದೊಳಗೆ ಕೆಂಪು ಪಟಗಾ ಸುತ್ತಿದ ಅವನ ಫೋಟೋ ಬಸ್ ನಿಲ್ದಾಣದಲ್ಲಿ ಫ್ಲೆಕ್ಸ್ ಆಗಿ ನಿಂತಿತು. ಕಾಕಾ ಅದರ ಎದುರು ಬಹಳ ಹೊತ್ತು ನಿಂತು, "ನನ್ನ ಕೈಯಾರ ಪಟ್ಟ ಕಟ್ಟಿದ್ನಲ್ಲೇ ಯವ್ವಾ" ಎಂದರು. ಅವರ ದನಿ ಒಡೆದದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಅಂದಿನಿಂದ ಅವರು ಬಾವುಟ ಹೊಲಿಯಲಿಲ್ಲ. ಹೊಸ ಅಧ್ಯಕ್ಷ ರಸ್ತೆಯಲ್ಲಿ ಬಂದಾಗಲೆಲ್ಲ ಮಷಿನ್ ನಿಲ್ಲಿಸಿ, ಅಂಗಡಿಯಿಂದ ಇಳಿದು, ಸೊಂಟ ಬಗ್ಗಿಸಿ ಸಲಾಂ ಹೊಡೆಯುತ್ತಿದ್ದರು: "ಮಹಾರಾಜ್ರ, ಪ್ರಜಾ ಆರಾಮ ಅದೇವ್ರಿ!" ಅವನು ನಗುವಂತಿರಲಿಲ್ಲ, ಬೈಯುವಂತಿರಲಿಲ್ಲ. ಕೊನೆಗೆ ಕೆರೆಯ ದಂಡೆ ಸುತ್ತಿ ಮನೆಗೆ ಹೋಗತೊಡಗಿದ. ನನಗೆ ಅದನ್ನು ನೋಡುವುದೇ ಹಬ್ಬ. ಅವ್ವ ಮಾತ್ರ, "ಸಾಕು ಬಿಡಣ್ಣಾ, ಆದದ್ದಾತು" ಎನ್ನುತ್ತಿದ್ದಳು.

"ನೀ ಮರತ್ರ ಮರಿ, ತಂಗಿ. ನಿನ್ನ ಪಾಲಿಂದೂ ನಾನ ನೆನಪಿಡ್ತೀನಿ" ಎನ್ನುತ್ತಿದ್ದರು ಕಾಕಾ.

ಹೋದ ವರ್ಷ ಮಳೆಗಾಲದಲ್ಲಿ ಕಾಕಾ ತೀರಿಕೊಂಡರು. ಊರಿಗೆಲ್ಲ ಹೊಲಿದುಕೊಟ್ಟವರು ಒಂದು ಹೊಲಿಗೆಯೂ ಇಲ್ಲದ ಬಿಳಿ ಬಟ್ಟೆಯಲ್ಲಿ ಅಂಗಳದಲ್ಲಿ ಮಲಗಿದ್ದರು. ಎತ್ತುವ ಹೊತ್ತಿಗೆ ಸರಿಯಾಗಿ ಆ ಅಧ್ಯಕ್ಷ ನಾಲ್ಕು ಜನರನ್ನು ಕಟ್ಟಿಕೊಂಡು ಬಂದ. ಒಬ್ಬನ ಕೈಯಲ್ಲಿ ಫೋಟೋ ತೆಗೆಯಲು ಮೊಬೈಲ್, ಅಧ್ಯಕ್ಷನ ಕೈಯಲ್ಲಿ ಕೆಂಪು ಬಾವುಟ. "ನಮ್ಮ ಸಂಘದ ಹಿರಿಯ ಜೀವ" ಎನ್ನುತ್ತ ಹೊದಿಸಲು ಬಗ್ಗಿದ. ನನ್ನ ಮೈಯೆಲ್ಲ ಉರಿಯಿತು. ನಾನು ಬಾಯಿ ತೆರೆಯುವ ಮೊದಲೇ ಅವ್ವ ಎದ್ದಳು. ಅಂದು ಸಭೆಯಲ್ಲಿ ಎತ್ತಿದ್ದ ಅದೇ ಕೈಯನ್ನು ಅಡ್ಡ ಹಿಡಿದಳು.

"ಅಣ್ಣಗ ಬ್ಯಾಡ ಇದು. ಮಡಚಿ ಮನಿಗೆ ಒಯ್ಯಪ್ಪಾ. ನಿನ್ನ ಮಗ ದೊಡ್ಡಾಂವ ಆಗಾಕತ್ಯಾನ. ನಾಳಿ ಅವಗ ಪಟಗಾ ಸುತ್ತಾಕ ಬೇಕಾಗ್ತೈತಿ."

ಈ ಸಲ ಯಾರೂ ತಪ್ಪು ತಿಳಿಯಲಿಲ್ಲ. ಅಂದು ಟವೆಲು ಹೊದಿಸಿದ್ದ ಹಿರಿಯನೇ ಮೊದಲು ಮುಖ ತಿರುಗಿಸಿದ. ಅಧ್ಯಕ್ಷ ಬಾವುಟವನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು, ಜನ ಬಿಟ್ಟುಕೊಟ್ಟ ದಾರಿಯಲ್ಲಿ ತಲೆ ತಗ್ಗಿಸಿ ಹೊರಟುಹೋದ. ಸಾವಿನ ಮನೆಯಲ್ಲಿ ನಗಬಾರದು. ನಾನು ಸೆರಗು ಬಾಯಿಗಿಟ್ಟುಕೊಂಡು ಕಾಕಾನ ಪಾಲಿನ ನಗೆಯನ್ನೂ ಸೇರಿಸಿ ನಕ್ಕೆ.