ಸಿಡಿಯಲ್ಲಿ ಇಲ್ಲದ ರುದ್ರಣ್ಣ

ಇಲ್ಲ... ಇದು ಸುಳ್ಳು.
ಬೆಳಿಗ್ಗೆ ಅಡ್ಡಗದ್ದೆಯ ಸುಬ್ಬಣ್ಣ ಫೋನ್ ಮಾಡಿದಾಗ ಬೈದೇಬಿಟ್ಟೆ.
"ಎಂತ ತಮಾಷೆ ಮಾರಾಯ್ರೆ ಇದು?"
ಅವರು ಆ ಕಡೆ ಅಳುತ್ತಿದ್ದರು.
ಆಮೇಲೆ ನಂಬಲೇಬೇಕಾಯಿತು...

ನಮ್ಮ ರುದ್ರಣ್ಣ ಹೋದರು.
ನರಸಿಂಹರಾಜಪುರದ ಅಡಿಕೆ ವ್ಯಾಪಾರಿ.
ನಮ್ಮ 'ಮೂರು ತಾಲೂಕು' ಹಾಡುಗಾರರ ತಂಡದ ಕೆಳಗಿನ ಸ್ವರ.
ನಿನ್ನೆ ಸಂಜೆ ಪ್ರಾಕ್ಟೀಸ್ ಮಾಡಿ ನಗುತ್ತಾ ಬಸ್ ಹತ್ತಿದವರು... ಹಾರ್ಟ್ ಅಟ್ಯಾಕ್ ಅಂತೆ.

ಗೊತ್ತಿಲ್ಲದವರಿಗೆ ಹೇಳುತ್ತೇನೆ.
ಶೃಂಗೇರಿ ಕಡೆಯ ಸುಬ್ಬಣ್ಣನದು ನಡು ಸ್ವರ. ಕೊಪ್ಪದ ಚರ್ಚ್ ಕ್ವಾಯರ್‌ನಿಂದ ಬಂದ ನನ್ನದು ಮೇಲಿನದು.
ಒಂದೇ ಹಾಡನ್ನು ಮೂರು ಸ್ವರದಲ್ಲಿ ಒಟ್ಟಿಗೆ ಹಾಡುತ್ತಿದ್ದೆವು. ಹಾರ್ಮೋನಿಯಂ ಇಲ್ಲ, ತಬಲಾ ಇಲ್ಲ.
ಮೂವರಿಗೂ ಒಂದೇ ಮೈಕ್!
ಯಾರ ಸ್ವರ ಜಾಸ್ತಿ ಕೇಳುತ್ತದೋ ಅವರು ಒಂದು ಹೆಜ್ಜೆ ಹಿಂದೆ ಸರಿಯಬೇಕು. ರುದ್ರಣ್ಣ ಮಾಡಿದ ಕಾನೂನು ಅದು.
ಮದುವೆ, ಗಣಪತಿ ಪೆಂಡಾಲು, ಚರ್ಚಿನ ಹಬ್ಬ... ಹೋದಲ್ಲೆಲ್ಲ ಮೊದಲು ಜನ ನಗುತ್ತಿದ್ದರು. "ಆರ್ಕೆಸ್ಟ್ರಾ ಎಲ್ರೀ?"
ಕೊನೆಗೆ ಅದೇ ಜನ ಸ್ಟೇಜ್ ಇಳಿಯಲು ಬಿಡುತ್ತಿರಲಿಲ್ಲ.

ರುದ್ರಣ್ಣ, ನೆನಪಿದೆಯಾ...
ಮುತ್ತಿನಕೊಪ್ಪದಲ್ಲಿ ಹಾಡಿನ ಮಧ್ಯೆ ಕರೆಂಟ್ ಹೋಯಿತು. ಮೈಕ್ ಸತ್ತಿತು. ನಾನು ನಿಲ್ಲಿಸಿಬಿಟ್ಟೆ.
ನೀವು ನಿಲ್ಲಿಸಲಿಲ್ಲ.
ಜನ ಕುರ್ಚಿ ಎಳೆದುಕೊಂಡು ಹತ್ತಿರ ಬಂದರು.
"ಕರೆಂಟ್ ಹೋದ್ರೆ ಹೋಗ್ಲಿ ಮಾರಾಯ್ತಿ, ನಾವೆಲ್ಲಿ ಹೋಗಿದೀವಿ?" ಅಂದಿರಿ.
ಈಗ ನೀವೆಲ್ಲಿ ಹೋದಿರಿ?

ಸ್ನೇಹಿತರೇ, ಬೆಳಿಗ್ಗೆಯಿಂದ ಎಲ್ಲರೂ ನಮ್ಮ ಸಿಡಿ ಹಾಕಿ ಕೇಳುತ್ತಿದ್ದೀರಂತೆ.
ಸಿಟ್ಟು ಬರುತ್ತಿದೆ ನನಗೆ.
ಅದರಲ್ಲಿ ರುದ್ರಣ್ಣ ಇಲ್ಲವೇ ಇಲ್ಲ!
ರೆಕಾರ್ಡಿಂಗ್ ಮಾಡಿದವರು ಅವರ ಸ್ವರವನ್ನು ಜನರೇಟರ್ ಸದ್ದು ಅಂದುಕೊಂಡು ತೆಗೆದುಹಾಕಿದ್ದರು. ಸಿಡಿ ಊರೆಲ್ಲ ಹಂಚಿಯಾದ ಮೇಲೆ ನಮಗೆ ಗೊತ್ತಾಯಿತು.
ನಾನು ಕೂಗಾಡಿದೆ. ರುದ್ರಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕರು.
"ಬಿಡು ಮಾರಾಯ್ತಿ, ನನ್ನ ಸ್ವರ ಬೇಕಂದ್ರೆ ಎದ್ರಿಗೇ ಬಂದು ಕೇಳ್ಲಿ."

ಭಾನುವಾರ ಕೊಪ್ಪದಲ್ಲಿ ನಮ್ಮ ಪ್ರೋಗ್ರಾಂ ಇದೆ. ಆಯೋಜಕರು ಈಗಷ್ಟೇ ಫೋನ್ ಮಾಡಿದ್ದರು.
"ಇನ್ನು ತಂಡ ಮುಗೀತಲ್ಲ ಮೇಡಂ... ನಿಮ್ಮ ಸಿಡಿ ಹಾಕಿ, ಒಂದು ನಿಮಿಷ ಮೌನ ಮಾಡಿಸ್ತೀವಿ."
ಮುಗೀತಾ? ಯಾರು ಹೇಳಿದ್ದು?

ಭಾನುವಾರ ಹಾಡಬಹುದಾ ಅಂತ ರುದ್ರಣ್ಣನ ಹೆಂಡತಿ ಗಿರಿಜಕ್ಕನನ್ನೇ ಕೇಳಿದೆ. ಅಳುತ್ತಲೇ ಅಂದರು...
"ಆ ಮನುಷ್ಯಂಗೆ ಎಂತ ಮೌನ? ನೀವು ಹೋಗಿ ಹಾಡಿ."

ಹಾಡುತ್ತೇವೆ.
ಸಿಡಿ ಹಾಕಲು ಬಿಡುವುದಿಲ್ಲ. ಮೌನವೂ ಇಲ್ಲ.
ಮೈಕ್ ಒಂದೇ.
ಇಷ್ಟು ವರ್ಷ ಕೆಳಗಿನ ಸ್ವರ ಕೇಳಿದ್ದೀರಲ್ಲ... ಬನ್ನಿ, ಕುರ್ಚಿ ಎಳೆದುಕೊಂಡು ಹತ್ತಿರ ಬನ್ನಿ. ಅದನ್ನು ನೀವೇ ಹಿಡಿಯಿರಿ. ತಪ್ಪಿದರೆ ತಪ್ಪಲಿ.
ನಾನು, ಸುಬ್ಬಣ್ಣ ಒಂದು ಹೆಜ್ಜೆ ಹಿಂದೆ ನಿಲ್ಲುತ್ತೇವೆ.

ಹೋಗಿ ಬನ್ನಿ ರುದ್ರಣ್ಣ...
ಶಿವನ ಹತ್ತಿರ ನೆಮ್ಮದಿಯಾಗಿರಿ.
ಭಾನುವಾರ ಮಾತ್ರ ಸ್ವಲ್ಪ ಕೊಪ್ಪದ ಕಡೆ ಕಿವಿ ಕೊಡಿ.